ಎರಡು ಟಿಕಳಿಗಳ ನಡುವೆ

ನನ್ನ ಟಿಕಳಿ ಪಾಕೀಟು ವಾರಕ್ಕೊಂದರಂತೆ ಖಾಲಿಯಾಗತೊಡಗಿದಾಗ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಹಣೆಗೆ ಅಂಟಿಸಿಕೊಳ್ಳುವ ಸಣ್ಣ ಕೆಂಪು ಟಿಕಳಿ, ಚಿಕ್ಕೋಡಿ ಸಂತೆಯಲ್ಲಿ ನಾನೇ ಆರಿಸಿ ತಂದದ್ದು. ಬೇಡಕಿಹಾಳದ ನಮ್ಮ ಮನೆಯಲ್ಲಿರುವವರು ಮೂವರು: ನಾನು, ನನ್ನ ಗಂಡ ಸಮಾಧಾನ, ಅತ್ತೆ ಅಕ್ಕುತಾಯಿ. ಮಾವ ತೀರಿಕೊಂಡ ಮೇಲೆ ಅತ್ತೆ ಹಣೆಗೆ ಏನೂ ಹಚ್ಚುವುದಿಲ್ಲ. "ಬೌದ್ಧರ ಮನ್ಯಾಗ ಈ ಕಟ್ಟು ಯಾಕ್ರಿ ಅತ್ತಿ, ಹಚ್ಕೋರಿ" ಎಂದು ಎಷ್ಟೋ ಸಲ ಹೇಳಿದ್ದೇನೆ, ಕೇಳುವ ಹೆಂಗಸಲ್ಲ. ಹಾಗಾದರೆ ನನ್ನ ಟಿಕಳಿ ಯಾರ ಹಣೆಗೆ ಹೋಗುತ್ತಿವೆ? ಇವರು ಸರ್ಕಾರಿ ಬಸ್ಸಿನ ಡ್ರೈವರು, ಚಿಕ್ಕೋಡಿಯಿಂದ ಕಾಗವಾಡದ ಮೇಲೆ ಅಥಣಿಗೆ ಹೋಗಿ ಬರುವವರು. ಡ್ರೈವರನ ಹೆಂಡತಿಗೆ ಸಂಶಯ ಬರಲು ದೊಡ್ಡ ಕಾರಣ ಬೇಕಿಲ್ಲ, ದಾರಿಯುದ್ದಕ್ಕೂ ಊರುಗಳೇ. ಹೆಸರೇನೋ ಸಮಾಧಾನ. ಮದುವೆಯಾಗಿ ಹತ್ತು ವರ್ಷವಾಯಿತು, ಇವರಿಂದ ನನಗೆ ಅದೊಂದು ಸಿಕ್ಕಿಲ್ಲ.

ಒಂದು ರವಿವಾರ ಇವರು ಜಳಕಕ್ಕೆ ಹೋದದ್ದೇ ತಡ, ಮನೆ ಜಾಲಾಡಿದೆ. ಕಪಾಟಿನ ಹಿಂದೆ ಕರಿ ಚೀಲದಲ್ಲಿ ಉದ್ದನೆಯದೇನೋ ನಿಂತಿತ್ತು. ಜಿಪ್ ಎಳೆದರೆ ಗಿಟಾರು. ನಾಲ್ಕೇ ತಂತಿ, ಒಂದೊಂದೂ ಸೈಕಲ್ಲಿನ ಬ್ರೇಕ್ ವಾಯರಿನಷ್ಟು ದಪ್ಪ. ಅದರ ಉದ್ದ ಕುತ್ತಿಗೆಯ ಅಂಚಿಗೆ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ನನ್ನ ಟಿಕಳಿಗಳು. ಸವತಿ ಸಿಕ್ಕಳು, ಅದೂ ನನ್ನದೇ ಟಿಕಳಿ ಹಚ್ಚಿಕೊಂಡು!

ಇವರು ಟಾವೆಲ್ ಸುತ್ತಿಕೊಂಡು ಒಳಗೆ ಬಂದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ.

"ಏನಿದು?"

"ಬೇಸ," ಎಂದರು.

"ಬೇಸ ಇರ್ಲಿ, ಕೆಟ್ಟದ್ದಿರ್ಲಿ, ಏನಂತ ಕೇಳಾಕತ್ತೀನಿ!"

"ಅದರ ಹೆಸರ ಬೇಸ. ಬೇಸ ಗಿಟಾರ."

ನಮ್ಮ ಕಡೆ ಬೇಸ ಎಂದರೆ ಚಲೋದು ಎಂದರ್ಥ. ಒಂದು ವಾದ್ಯಕ್ಕೆ ಯಾರಾದರೂ 'ಚಲೋದು' ಎಂದು ಹೆಸರಿಡುತ್ತಾರೇನು? ನಾನು ನಂಬಲಿಲ್ಲ. ಕಡೆಗೆ ಇವರು ಹಾಸಿಗೆಯ ಮೇಲೆ ಕೂತು ಅಂಗನವಾಡಿ ಮಕ್ಕಳಿಗೆ ಹೇಳುವ ಹಾಗೆ ನನಗೆ ಹೇಳಿದರು. ಅಂಗನವಾಡಿ ಟೀಚರಳಾದ ನನಗೇ! ಸಾದಾ ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವಂತೆ. ಬೆರಳು ಒಂಚೂರು ಆಚೀಚೆಯಾದರೂ ಪಟ್ಟಿ ಸ್ವರವನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದಂತೆ. ಇದರಲ್ಲಿ ಪಟ್ಟಿಗಳೇ ಇಲ್ಲ. ಕುತ್ತಿಗೆ ಬರೀ ನುಣ್ಣನೆ ಕಟ್ಟಿಗೆ. ಎಲ್ಲಿ ಒತ್ತಿದರೆ ಯಾವ ಸ್ವರ ಎಂದು ಕಿವಿಯೇ ಹೇಳಬೇಕು. ಇವರ ಕಿವಿ ಇನ್ನೂ ಹೇಳುತ್ತಿರಲಿಲ್ಲ, ಅದಕ್ಕೇ ಗುರುತಿಗೆ ನನ್ನ ಟಿಕಳಿ. ಬೆವರಿಗೆ ಉದುರುತ್ತವೆ, ಮತ್ತೆ ಹೊಸದು.

"ಪಟ್ಟಿ ಕಿತ್ತದ್ದನ್ನ ತಂದೀರಲ್ಲ, ಯಾರೋ ಚಲೋ ಟೋಪಿ ಹಾಕ್ಯಾರ ನಿಮಗ."

"ಇದು ಇರೂದ ಹಿಂಗ."

"ಮತ್ತ ಇದನ್ಯಾಕ ಕಲ್ಯಾಕತ್ತೀರಿ? ಈ ವಯಸ್ಸಿನ್ಯಾಗ ಆರ್ಕೆಸ್ಟ್ರಾಕ್ಕ ಹೊಂಟೀರೇನು?"

ಇವರು ಟಾವೆಲ್ ಬಿಗಿ ಮಾಡಿಕೊಂಡರು. ತಾಯಿ ಕೂತಿದ್ದ ಪಡಸಾಲೆಯ ಕಡೆ ನೋಡಿ ದನಿ ಇಳಿಸಿದರು. "ಆಯಿ ಇನ್ನೊಮ್ಮೆ ಪಾಟೀ ಹಾಡ ಹಾಡಬೇಕ, ಭಾಗ್ಯಾ. ಅಷ್ಟ. ನಂಗ ಬ್ಯಾರೆ ಏನೂ ಬ್ಯಾಡ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಪಾಟೀ ಹಾಡಿನ ಸಂಗತಿ ನನಗೆ ಗೊತ್ತಿತ್ತು.

ನಮ್ಮ ಮಾವ ರಾಜಾರಾಮ ಕಬ್ಬು ಕಡಿಯುವ ಆಳು. ಅತ್ತೆಯೂ ಅವರ ಹಿಂದೆ ಕಡಿದದ್ದನ್ನು ಹೊರೆಮಾಡಿ ಮೋಳಿಗೆ ಕಟ್ಟುತ್ತಿದ್ದವರು. ಆದರೆ ಏಪ್ರಿಲ್ ಬಂತೆಂದರೆ ಇಬ್ಬರ ಕೈಗೂ ಕಬ್ಬು ಕಡಿಯುವ ಕೊಯ್ತಾ ಹತ್ತುತ್ತಿರಲಿಲ್ಲ. ಬಾಬಾಸಾಹೇಬರ ಜಯಂತಿಗೆ ರಾಯಬಾಗ, ಕಾಗವಾಡ, ನಿಪ್ಪಾಣಿಯ ಕೇರಿ ಕೇರಿಗೂ ಅವರ ಹಾಡಿನ ಪಾರ್ಟಿ ಹೋಗಬೇಕು. ಅತ್ತೆ ಹಾಡುವವರು, ಮಾವ ತುಂತುಣಿ. ಒಂದು ಮರದ ಡಬ್ಬಿ, ಕೆಳಗೆ ಚರ್ಮ, ಒಂದು ಕೋಲು, ಒಂದೇ ತಂತಿ. ಅಷ್ಟೇ ಸಾಮಾನು. ತುಂತುಣಿ ಮೀಟುತ್ತಾ ಮಾವ ಬಾಯಿ ಮುಚ್ಚಿಕೊಂಡೇ ಕೆಳದನಿಯಲ್ಲಿ ಗುಂಯ್‌ಗುಡುತ್ತಿದ್ದರಂತೆ, ಹಾಡು ಮುಗಿಯುವವರೆಗೆ. ಅತ್ತೆಗೆ ಓದು ಬರಹ ಇಲ್ಲ. ಆದರೂ ಮಗನನ್ನು ಮೊದಲ ದಿನ ಸಾಲೆಗೆ ಬಿಟ್ಟು ಬಂದು ತಾವೇ ಒಂದು ಹಾಡು ಕಟ್ಟಿದ್ದರು: 'ಪಾಟಿ ನೀ ಹೊರೋ ಮಗನ, ಕೊಯ್ತಾ ನಾ ಹೊರತೀನ.' ಸ್ಲೇಟಿಗೆ ನಮ್ಮಲ್ಲಿ ಪಾಟಿ ಅನ್ನುತ್ತಾರೆ. ಆ ಮಗನೇ ಪಾಟಿ ಹೊತ್ತು, ಹತ್ತನೇ ಇಯತ್ತೆ ಮುಗಿಸಿ, ಸರ್ಕಾರಿ ಸ್ಟೇರಿಂಗ್ ಹಿಡಿದದ್ದು.

ಹನ್ನೊಂದು ವರ್ಷದ ಹಿಂದೆ ಮಾವ ಕಬ್ಬಿನ ಗದ್ದೆಯಲ್ಲಿ ನೀರು ಕುಡಿದು ಕೂತವರು ಮತ್ತೆ ಏಳಲಿಲ್ಲ. ಮಣ್ಣು ಕೊಡುವಾಗ ಅತ್ತೆ ತುಂತುಣಿಯನ್ನು ಅವರ ಪಕ್ಕದಲ್ಲೇ ಇಟ್ಟರು. ಅಂದಿನಿಂದ ಹಾಡಿಲ್ಲ. ಜೋಗುಳ ಹಾಡಿಲ್ಲ, ಬೀಸುವಾಗ ಗುನುಗಿಲ್ಲ. ಮುಂದಿನ ಜಯಂತಿಗೆ ಹುಡುಗರು ಕರೆಯಲು ಬಂದರೆ, "ದನಿ ನಿಲ್ಲಾಕ ಕೆಳಗ ನೆಲ ಇಲ್ಲ, ಹೋಗ್ರಪಾ" ಎಂದು ಕಳಿಸಿದರು. ಇವರು ಮೀರಜಕ್ಕೆ ಹೋಗಿ ಹೊಸ ತುಂತುಣಿ ಮಾಡಿಸಿ ತಂದರು. ಅತ್ತೆ ಒಮ್ಮೆ ಮೀಟಿ ನೋಡಿ ಅಡುಗೆಮನೆಯಲ್ಲಿಟ್ಟರು. ಅದರಲ್ಲಿ ಈಗ ನಾನು ಸೌಟು ಇಡುತ್ತೇನೆ.

ಪಾಟೀ ಹಾಡು ಯಾರ ಫೋನಿನಲ್ಲೂ ಇಲ್ಲ. ಆಗ ನಮ್ಮ ಮಂದಿಯ ಕೈಯಲ್ಲಿ ಅಂಥ ಫೋನೆಲ್ಲಿತ್ತು? ಇವರ ತಲೆಯಲ್ಲಿದೆ, ಅದೂ ಅರ್ಧಮರ್ಧ. ಬಸ್ಸು ಹೊಡೆಯುವಾಗ ಆ ಹಾಡು ನೆನಪಿಸಿಕೊಳ್ಳುತ್ತಾರಂತೆ. ಎರಡನೇ ನುಡಿಯ ನಡುವೆ ಬಂದು ದಾರಿ ತಪ್ಪುತ್ತದಂತೆ. "ದಿನಾ ಅಲ್ಲೇ ನಿಲ್ತೈತಿ ಭಾಗ್ಯಾ, ಅಲ್ಲಿಂದ ಮುಂದ ಆಯಿ ಎಲ್ಲಿಗೆ ಹೋಗ್ತಿದ್ಲು ಅಂತ ನೆನಪ ಆಗವಲ್ದು" ಎಂದು ಒಮ್ಮೆ ನನ್ನ ಮುಂದೆ ಕಣ್ಣೀರು ಹಾಕಿದ್ದರು. ಗಂಡಸು ಅಳುವುದನ್ನು ನೋಡಲು ನನಗೆ ಆಗುವುದಿಲ್ಲ, ಎದ್ದು ಹೋಗಿ ಚಹಾ ಇಟ್ಟಿದ್ದೆ.

ಹೀಗಿರುವಾಗ ಅಥಣಿಯಲ್ಲಿ ಬಸ್ಸು ಮಧ್ಯಾಹ್ನ ಮುಕ್ಕಾಲು ತಾಸು ನಿಲ್ಲುತ್ತದಲ್ಲ, ಆ ಹೊತ್ತಿನಲ್ಲಿ ಇವರು ಸ್ಟ್ಯಾಂಡಿನ ಎದುರಿನ ಒಂದು ಸೌಂಡ್ ಸಿಸ್ಟಿಮ್ ಅಂಗಡಿಗೆ ಬ್ಲೂಟೂಥ್ ರಿಪೇರಿಗೆ ಹೋಗಿದ್ದಾರೆ. ಅಂಗಡಿಯ ಶ್ರೇಣಿಕ ಎಂಬವರು ಒಳಗೆ ಕೂತು ಈ ಪಟ್ಟಿಯಿಲ್ಲದ ಬೇಸ ನುಡಿಸುತ್ತಿದ್ದರಂತೆ. ಸ್ವರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯದೆ, ನೆಲ ಬಿಡದೆ, ಜಾರುತ್ತ ಹೋಗುತ್ತಿತ್ತಂತೆ. ಇವರು ಬಾಗಿಲಲ್ಲೇ ನಿಂತರು. ಅಂದು ಬಸ್ಸು ಹನ್ನೆರಡು ಮಿನಿಟು ತಡವಾಗಿ ಹೊರಟಿತು. ಕಂಡಕ್ಟರ್ ಸುರಜ ಸೀಟಿ ಊದಿ ಊದಿ ಸುಸ್ತಾದನಂತೆ.

"ತುಂತುಣಿಗತೆ ಇತ್ತೇನ್ರಿ?" ನಾನು ಕೇಳಿದೆ.

"ತುಂತುಣಿ ಅಲ್ಲ. ತುಂತುಣಿ ಹಿಂದ ಅಪ್ಪ ಗುಂಯ್‌ಗುಡತಿದ್ನಲ್ಲ, ಅದು."

ಹಳೆಯ ಬೇಸ ಒಂದನ್ನು ಶ್ರೇಣಿಕರೇ ಕೊಡಿಸಿದರು, ಕಲಿಸಲೂ ಒಪ್ಪಿದರು. ಗೇರು ಹಾಕಿ ಹಾಕಿ ಇವರ ಎಡಗೈ ಕಲ್ಲಿನಂಥದ್ದು. ತಂತಿ ಒತ್ತಲು ತೊಂದರೆಯಿರಲಿಲ್ಲ. ತೊಂದರೆಯೆಲ್ಲ ಜಾಗದ್ದೇ. ಒಂದು ಕೂದಲೆಳೆ ಮೇಲಾದರೆ ಹುಳಿ, ಒಂದು ಕೂದಲೆಳೆ ಕೆಳಗಾದರೆ ಸಪ್ಪೆ. "ಡ್ರೈವರ್ ಸಾಹೇಬ್ರ, ಕಣ್ಣ ಮುಚ್ರಿ, ಕಿವೀಲೇ ಹುಡುಕ್ರಿ" ಎಂದು ಶ್ರೇಣಿಕರು ಹೇಳಿದ್ದೇ ಹೇಳಿದ್ದು. ಇವರು ಹಗಲೆಲ್ಲ ಕಣ್ಣು ಬಿಟ್ಟುಕೊಂಡೇ ಹೊಟ್ಟೆ ಹೊರೆಯುವವರು, ಕಣ್ಣು ಮುಚ್ಚುವುದೆಂದರೆ ಭಯ. ಅದಕ್ಕೇ ಟಿಕಳಿ. ಮೇಲೊಂದು ಫೋನಿನ ಆ್ಯಪು. ಸ್ವರ ಸರಿಯಿದ್ದರೆ ಹಸಿರು ದೀಪ, ತಪ್ಪಿದರೆ ಕೆಂಪು.

ಗುಟ್ಟು ಬಯಲಾದ ಮೇಲೆ ಮನೆಯಲ್ಲಿ ರಾಜಾರೋಷವಾಗಿ ಅಭ್ಯಾಸ ಸುರುವಾಯಿತು. ದನಿ ದೊಡ್ಡದು ಮಾಡುವ ಮಷೀನಿಗೆ ಹಚ್ಚದಿದ್ದರೆ ಬೇಸದ ಸದ್ದು ಸೊಳ್ಳೆಯಷ್ಟು. ಅದರ ತುದಿಯನ್ನು ಕಟ್ಟಿಗೆಯ ಕಪಾಟಿಗೆ ಒತ್ತಿ ಹಿಡಿದರೆ ಮಾತ್ರ ಕಪಾಟಿಗೇ ದನಿ ಬರುತ್ತಿತ್ತು. ಒಳಗಿನ ಸ್ಟೀಲಿನ ತಾಟುಗಳೆಲ್ಲ ನಡುಗುತ್ತಿದ್ದವು. ಇವರು ಬಾರಿಸುವಾಗ ಅತ್ತೆ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಎದ್ದು ದೂರ ಹೋಗುತ್ತಲೂ ಇರಲಿಲ್ಲ, ಒಳಗೆ ಬರುತ್ತಲೂ ಇರಲಿಲ್ಲ.

ಒಂದು ವರ್ಷ ಹೀಗೆಯೇ ಹೋಯಿತು. ನಾನು ಬೈದೆ, ನಕ್ಕೆ, ಕೊನೆಗೆ ಟಿಕಳಿಯನ್ನು ಎರಡೆರಡು ಪಾಕೀಟು ತರತೊಡಗಿದೆ. ಕೆಂಪು ದೀಪ ಕಡಿಮೆಯಾಗಿ ಹಸಿರು ದೀಪ ಹೆಚ್ಚಾಯಿತು. ಒಂದು ದಿನ ಇವರಿಗೆ ಧೈರ್ಯ ಬಂದು, ಬೇಸವನ್ನು ಹೆಗಲಿಗೆ ಹಾಕಿಕೊಂಡು ಕಟ್ಟೆಗೇ ಹೋಗಿ ಅತ್ತೆಯ ಮುಂದೆ ಕೂತರು. ಫೋನನ್ನು ಪಕ್ಕದಲ್ಲಿ ಒರಗಿಸಿಟ್ಟರು.

"ಆಯಿ, ಪಾಟೀ ಹಾಡಿಗೆ ನಿಂದು ಯಾವ ಸ್ಕೇಲ? ಕಾಳೀ ಎರಡೊ, ಪಾಂಢರೀ ನಾಕೊ?"

ಹಾರ್ಮೋನಿಯಂ ಮಂದಿ ಕರಿ ಮನೆ ಬಿಳಿ ಮನೆಗಳ ಲೆಕ್ಕದಲ್ಲಿ ಶ್ರುತಿ ಹೇಳುತ್ತಾರಲ್ಲ, ಅದು. ಅತ್ತೆ ಮಗನ ಮುಖ ನೋಡಿದರು, ಟಿಕಳಿ ನೋಡಿದರು, ಫೋನಿನ ದೀಪ ನೋಡಿದರು.

"ನಾ ಕರೀ ಅದೀನೊ ಬಿಳೀ ಅದೀನೊ ನಿಮ್ಮಪ್ಪ ಒಂದ ದಿನಾನೂ ಕೇಳ್ಲಿಲ್ಲೋ," ಎಂದರು. "ನಮ್ಮೂರಾಗ ಬಸ್ಸಿಗೇ ಸಿಗ್ನಲ್ ಇಲ್ಲ. ಹಾಡಾಕ ಸಿಗ್ನಲ್ ನೋಡಬೇಕಾ?"

"ಮತ್ತ ಅಪ್ಪ ಏನ ಕೇಳತಿದ್ದ?"

ಅತ್ತೆ ಬಾಯಿ ತೆರೆದರು. ಏನೋ ಹೇಳುವವರಿದ್ದರು, ನಾನು ಬಾಗಿಲಲ್ಲೇ ನಿಂತು ನೋಡಿದ್ದೇನೆ. ಆಮೇಲೆ ತಲೆ ಅಲ್ಲಾಡಿಸಿ, ಸೆರಗು ಸರಿಮಾಡಿಕೊಂಡು ಒಳಗೆ ನಡೆದರು. ಅಂದು ಊಟಕ್ಕೂ ಕೂರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಮೀರಜದ ಡಾಕ್ಟರು ತೆಗೆಯಲೇಬೇಕೆಂದರು. ಜೀವಕ್ಕೆ ಧೋಕಾ ಇಲ್ಲ, ಆದರೆ ಗಡ್ಡೆ ದನಿಯ ನರಕ್ಕೆ ಅಂಟಿಕೊಂಡಿದೆ, ದನಿ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದು ಬಿಡಿಸಿ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಇವರು ಡಾಕ್ಟರ ಚೀಟಿಯನ್ನು ಮಡಚುವುದು ಬಿಚ್ಚುವುದು ಮಾಡುತ್ತಿದ್ದರು. ಅತ್ತೆಯೇ ಕಿಟಕಿಯಾಚೆ ನೋಡುತ್ತಾ, "ಆಗ್ಲಿ ಬಿಡ್ರಿ, ದನಿ ತಗೊಂಡ ನಾ ಏನ ಮಾಡೂದೈತಿ" ಎಂದರು. ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಿಮಗೆ ಬೇಡವಾದರೆ ಬೇಡ, ಬೇಕಾದವರು ಇಲ್ಲಿ ಇನ್ನೊಬ್ಬರಿದ್ದಾರಲ್ಲ!

ಆಪರೇಷನ್ನಿಗೆ ಹದಿನೆಂಟು ದಿನವಿತ್ತು. ಆ ಹದಿನೆಂಟು ದಿನ ಇವರು ಪಟ್ಟ ಪಾಡು ವೈರಿಗೂ ಬೇಡ. ಡ್ಯೂಟಿಯಿಂದ ಬಂದವರು ಚಹಾ ಸಹ ಕುಡಿಯದೆ ಕಪಾಟಿಗೆ ಒರಗಿ ಬಾರಿಸುತ್ತಿದ್ದರು. ಬೆರಳ ತುದಿ ಒಡೆದರೆ ಪಟ್ಟಿ ಸುತ್ತಿಕೊಂಡು ಬಾರಿಸಿದರು. ಮೊದಲ ನುಡಿ, ಎರಡನೇ ನುಡಿಯ ಅರ್ಧ, ಅಲ್ಲಿಗೆ ನಿಲ್ಲುವುದು. ಮತ್ತೆ ಮೊದಲಿಂದ. ಎಲ್ಲವೂ ಹಸಿರು ದೀಪವೇ, ಒಂದೂ ತಪ್ಪಿಲ್ಲ. ಆದರೂ ಅತ್ತೆ ಕಟ್ಟೆ ಬಿಟ್ಟು ಏಳಲಿಲ್ಲ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಚೀಲ ಕಟ್ಟುವಾಗ ಇವರು ಅತ್ತೆಯ ಕಾಲ ಹತ್ತಿರ ಕೂತು, "ಒಂದ ನುಡಿ, ಆಯಿ. ಬರೇ ಒಂದ ನುಡಿ. ಫೋನಿನ್ಯಾಗ ಇಟ್ಕೋತೀನಿ" ಎಂದು ಸಣ್ಣ ಹುಡುಗನ ಹಾಗೆ ಕೇಳಿಕೊಂಡರು.

ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟರು. ಕಣ್ಣು ತುಂಬಿಕೊಂಡಿತ್ತು. "ಬರವಲ್ದೋ ಮಗನ. ಒಳಗ ಐತಿ, ಹೊರಗ ಬರವಲ್ದು" ಎಂದರು.

ಹಾಗೆ ಆ ದನಿ ಹೋಯಿತು. ಆಪರೇಷನ್ ಚಲೋ ಆಯಿತು, ಗಡ್ಡೆ ಕೆಟ್ಟದ್ದಲ್ಲ ಎಂದರು, ಅತ್ತೆ ಮನೆಗೆ ಬಂದರು. ಮೂರು ವಾರದ ಮೇಲೆ ಬಾಯಿಂದ ಬಂದ ಮಾತು ಕಬ್ಬಿನ ಒಣ ರವದಿ ಎಲೆ ಎಳೆದ ಹಾಗೆ ಕರಕರ, ಅರ್ಧ ಗಾಳಿ, ಅರ್ಧ ದನಿ. ಸನ್ನೆಯಲ್ಲೇ ಹೆಚ್ಚು ಮಾತು. ಇವರು ಬೇಸವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು ಕಪಾಟಿನ ಹಿಂದಿಟ್ಟರು. ಅಥಣಿಯಲ್ಲಿ ಬಸ್ಸು ನಿಂತರೆ ಇಳಿಯದೆ ಸೀಟಿನಲ್ಲೇ ಕೂರುತ್ತಾರೆಂದು ಸುರಜ ನನಗೆ ಹೇಳಿದ. ಕಪಾಟಿನ ತಾಟುಗಳು ಸುಮ್ಮನಾದವು. ಬೈಯಲು ಏನೂ ಇಲ್ಲದೆ ನನಗೇ ಮನೆ ಭಣಭಣ ಅನ್ನತೊಡಗಿತು.

ಆಗ ಅಳಖನೂರಿನಿಂದ ಸತ್ತೆಪ್ಪಕಾಕಾ ಬಂದರು, ಅತ್ತೆಯನ್ನು ಮಾತಾಡಿಸಲು. ಹಳೆಯ ಪಾರ್ಟಿಯಲ್ಲಿ ಢೋಲಕಿ ಬಾರಿಸುತ್ತಿದ್ದವರು. ಈಗ ಹಲ್ಲಿಲ್ಲ, ಬಾಯಿ ಮಾತ್ರ ಜೋರು. ಅತ್ತೆ ನೆಲದ ಮೇಲೆ ಕೂತು ಮೆಂತ್ಯೆ ಸೋಸುತ್ತಿದ್ದರು. ಕಾಕಾ ಹೇಗಿದ್ದೀ ಎಂದು ಕೇಳಿದರೆ ಅತ್ತೆ ಗಂಟಲು ಮುಟ್ಟಿ ಕೈ ಅಲ್ಲಾಡಿಸಿದರು, ಹೋಯಿತು ಎಂಬಂತೆ.

"ಹೋದ್ರ ಹೋತು! ರಾಜಾರಾಮ ಇದ್ದಿದ್ರ ಅಲ್ಲಿಗೇ ಬರತಿದ್ದ," ಎಂದರು ಕಾಕಾ. ನನ್ನ ಕಡೆ ತಿರುಗಿ ಮಾತು ಮುಂದುವರಿಸಿದರು. "ನಿಂಗ ಗೊತ್ತಿಲ್ಲವಾ ಭಾಗ್ಯಾ. ಹಾಡ ಚಾಲೂ ಆಗೂಕಿಂತ ಮೊದಲ ಅವ ತುಂತುಣಿ ತಂತಿ ಬಿಗಿಯೂ ಕಿವಿ ಹಿಡ್ಕೊಂಡು, ಮೈಕಿಗೆ ಕೇಳದ್ಹಂಗ ಇಕೀನ್ನ ಕೇಳತಿದ್ದ, 'ಕುಠಂ ಹಾಯ್ಸ?' ಅಂತ. ದಿನಾ ಪೂರ್ತಿ ಕನ್ನಡಾ ಮಾತಾಡಾವ, ಇದೊಂದ ಮಾತ ಮಾತ್ರ ಮರಾಠೀಲೇ. ಇಕೀ ತವರ ಹೊಳಿ ಆಚೆ ಅಲ್ಲ? ಇಕಿ 'ಹಿತಂ ಹಾಯ್', ಇಲ್ಲಿ ಅದೀನಿ, ಅನ್ನತಿದ್ಲು. ಅವತ್ತ ಇಕೀ ದನಿ ಎಲ್ಲಿ ಐತೋ ಅಲ್ಲಿಂದ. ಅವ ತಂತಿ ಅಲ್ಲಿಗೆ ತಂದು ಕೂಡಸತಿದ್ದ. ನೆಗಡಿ ಬಂದಿದ್ರ ಕೆಳಗ, ಖುಷಿ ಇದ್ರ ಮ್ಯಾಲ. ನಾವೆಲ್ಲ ನಗತಿದ್ವಿ, ಬಾಜೂಕ ಕುಂತಾಳ, ಎಲ್ಲಿ ಅದಿ ಅಂತ ಕೇಳತೀಯಲ್ಲೋ ಹುಚ್ಚಪ್ಪಾ ಅಂತ!"

ಕಾಕಾ ಬಾಯ್ತುಂಬ ನಕ್ಕರು. ಅತ್ತೆ ನಗಲಿಲ್ಲ. ಮೆಂತ್ಯೆಯ ಕಡ್ಡಿ ಅವರ ಬೆರಳಲ್ಲಿ ಹಾಗೇ ಉಳಿದಿತ್ತು.

ಅಯ್ಯೋ, ಇಷ್ಟೇನಾ! ಒಂದೂವರೆ ವರ್ಷ ನಾವು ಕೇಳಿದ್ದೇನು? ಯಾವ ಸ್ಕೇಲು, ಕರಿಯೋ ಬಿಳಿಯೋ, ಹಾಡು, ಹಾಡು, ಒಂದು ನುಡಿ ಹಾಡು. ಎಲ್ಲಿದ್ದೀ ಎಂದು ಒಬ್ಬರಾದರೂ ಕೇಳಿದೆವಾ? ಮಗ ಬೇಸ ತಂದು ತನ್ನ ಟಿಕಳಿಯ ಜಾಗದಲ್ಲಿ ನಿಂತು, ಇಲ್ಲಿಗೆ ಬಾ ಎಂದು ತಾಯಿಯನ್ನು ಕರೆಯುತ್ತಿದ್ದ. ಮಾವ ಹಾಗೆ ಎಂದೂ ಕರೆದಿರಲಿಲ್ಲ. ಅತ್ತೆ ಬಾಯಿಬಿಟ್ಟು ಹೇಳಬಹುದಿತ್ತು ಎಂದು ಸಿಟ್ಟೂ ಬಂತು. ಆದರೆ ಎಲ್ಲಿದ್ದೀ ಎಂದು ನನ್ನನ್ನು ಕೇಳಿ ಅಂತ ಯಾವ ಹೆಂಗಸು ಕೇಳಿ ಪಡೆಯುತ್ತಾಳೆ?

ಇವರು ಡ್ಯೂಟಿಯಿಂದ ಬಂದು ಬೂಟು ಬಿಚ್ಚುವ ಮೊದಲೇ ಎಲ್ಲ ಹೇಳಿದೆ. ಇವರು ಒಂದು ಬೂಟು ಕೈಯಲ್ಲಿ ಹಿಡಿದು ಕೂತುಬಿಟ್ಟರು. "ದನಿ ಇದ್ದಾಗ ಗೊತ್ತಾಗ್ಲಿಲ್ಲಲ್ಲ ಭಾಗ್ಯಾ" ಎಂದು ಅದನ್ನೇ ನಾಲ್ಕು ಸಲ ಅಂದರು.

"ಈಗ ಗೊತ್ತಾಗೇತಲ್ಲ, ಏಳ್ರಿ," ಎಂದೆ.

ಆದರೂ ಏಳಲು ಅವರಿಗೆ ಆರು ದಿನ ಬೇಕಾಯಿತು. ರವಿವಾರ ಮುಂಜಾನೆ ಕಪಾಟಿನ ಹಿಂದಿನ ಚೀಲ ಹೊರಗೆ ಬಂತು. ಇವರು ಅಂಚಿನ ಟಿಕಳಿಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತು, ನಾನು ಸಂಜೆ ಮಾಡುವ ಹಾಗೆಯೇ ಕನ್ನಡಿಗೆ ಅಂಟಿಸಿದರು. ಅಂಟಿನ ಕಲೆ ಮಾತ್ರ ಕಟ್ಟಿಗೆಯ ಮೇಲೆ ಉಳಿಯಿತು. ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅಕ್ಕಿ ಡಬ್ಬಿಯ ಹಿಂದೆ ಹಾಕಿದೆ.

ಅತ್ತೆ ಆ ಕಪಾಟಿನ ಹತ್ತಿರವೇ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಇವರು ಎದುರಿಗೆ ಹೋಗಲಿಲ್ಲ. ಮಾವ ಕೂರುತ್ತಿದ್ದ ಹಾಗೆ ಬಾಜೂಕ್ಕೆ ಕೂತರು. ಬೇಸದ ತುದಿಯನ್ನು ಕಪಾಟಿಗೆ ಒತ್ತಿದರು. ಕಣ್ಣು ಮುಚ್ಚಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಆಯಿ," ಎಂದರು ಮೆಲ್ಲಗೆ. "ಕುಠಂ ಹಾಯ್ಸ?"

ಅತ್ತೆಯ ಕೈಯಿಂದ ಬಳ್ಳೊಳ್ಳಿ ಎಸಳು ಜಾರಿ ಮೊರಕ್ಕೆ ಬಿತ್ತು. ಅವರು ಅದನ್ನು ಹುಡುಕುವ ಹಾಗೆ ಮೊರದಲ್ಲಿ ಬೆರಳಾಡಿಸಿದರು. ನನಗೆ ಅಳು ಬಂದು, ಇದೂ ಹೋಯಿತು ಅಂದುಕೊಂಡೆ. ಆಮೇಲೆ ಕರಕರ ಅನ್ನುವ ಆ ದನಿ, ಅರ್ಧ ಗಾಳಿ, ಅರ್ಧ ಅಳು:

"ಹಿತಂ ಹಾಯ್."

ಇವರ ಬೆರಳು ತಂತಿಯ ಮೇಲೆ ಹುಡುಕುತ್ತ ಜಾರಿತು. ಹೆಚ್ಚು ಕೆಳಗೆ ಹೋಯಿತು, ತುಸು ಮೇಲೆ ಬಂತು, ಮತ್ತೆ ಇಳಿಯಿತು.

"ಭಾಳ ಕೆಳಗ ಇಳದೀನೋ ಮಗನ," ಎಂದರು ಅತ್ತೆ.

"ಇಳಿ ಆಯಿ. ನಾನೂ ಇಳೀತೀನಿ."

ಬೆರಳು ನಿಂತಿತು. ನಾನು ನೋಡಿದೆ. ಟಿಕಳಿಯ ಒಂದು ಕಲೆಯ ಮೇಲೂ ಅಲ್ಲ, ಮುಂದಿನದರ ಮೇಲೂ ಅಲ್ಲ, ಎರಡರ ನಡುವೆ. ಹಸಿರು ದೀಪ ಒಪ್ಪದ ಜಾಗ. ಕಪಾಟಿನ ತಾಟುಗಳು ಒಮ್ಮೆಲೇ ಗುಂಯ್ ಎಂದವು, ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಆ ಒಡಕು ದನಿಯಲ್ಲೇ ಎತ್ತಿಕೊಂಡರು: 'ಪಾಟಿ ನೀ ಹೊರೋ ಮಗನ...' ಮೊದಲಿನ ಇಂಪು ಎಲ್ಲಿಂದ ಬರಬೇಕು? ಮೇಲೆ ಹೋಗುವಲ್ಲಿ ಬರೀ ಗಾಳಿ ಬರುತ್ತಿತ್ತು, ಅಲ್ಲೆಲ್ಲ ಬೇಸವೇ ಅವರನ್ನು ದಾಟಿಸುತ್ತಿತ್ತು. ಎರಡನೇ ನುಡಿ ಬಂತು. ಅದರ ಅರ್ಧ ಬಂತು. ಇವರ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

ಅಷ್ಟರಲ್ಲಿ ನನ್ನ ಹಾಳು ಕುಕ್ಕರು ಸೀಟಿ ಹೊಡೆಯಿತು. ಅತ್ತೆ ಹಾಡು ನಿಲ್ಲಿಸಿ ನನ್ನ ಕಡೆ ಕೈ ಬೀಸಿದರು.

"ಏ ಭಾಗ್ಯಾ, ಬಂದ್ ಮಾಡ ಅದನ್ನ. ನಿಮ್ಮ ಮಾವಂದು ಕೇಳಸವಲ್ದು."

ನಾನು ಗ್ಯಾಸ್ ಆರಿಸಿದೆ.